ಎರಡನೆಯ ಮಾತ್ರೆ

ಕತ್ತರಿ ಗಂಡನ ಕಿವಿಯ ಪಕ್ಕದಲ್ಲೇ ಹಾದು ಬಾಗಿಲ ಚೌಕಟ್ಟಿಗೆ ನಾಟಿತು!

ದಪ್ಪ ರೆಕ್ಸಿನ್ ಕತ್ತರಿಸುವ ದೊಡ್ಡ ಕತ್ತರಿ ಅದು. ಮರದಲ್ಲಿ ಒಂದು ಕ್ಷಣ ನಡುಗಿ, ಖಣ್ಣೆಂದು ನೆಲಕ್ಕೆ ಬಿತ್ತು. ಅರ್ಧ ಮುಗಿದ ಸೋಫಾಗಳ ನಡುವೆ ನಿಂತಿದ್ದ ಅವಳಿಗೆ, ತನ್ನ ಬಲಗೈ ಇನ್ನೂ ಗಾಳಿಯಲ್ಲೇ ಇದೆಯೆಂಬುದು ಆಮೇಲೆ ಗೊತ್ತಾಯಿತು. ಎಸೆದದ್ದು ತಾನೇ? ಆದದ್ದಾದರೂ ಏನು? ಬಿಳಿ ಬಟ್ಟೆಗೆ ಧೂಳು ಕೂರುತ್ತದೆಂದು ಗಂಡ ಕಿಟಕಿ ಮುಚ್ಚಿದ್ದ. ಹತ್ತಿ ಹಾರುತ್ತದೆಂದು ಫ್ಯಾನ್ ಆರಿಸಿದ್ದ. "ತೆಗೀರಿ, ಉರೀತಿದೆ" ಎಂದು ಅವಳು ಕೇಳಿಕೊಂಡಿದ್ದಳು. "ಊರಿಗೆಲ್ಲ ಇಲ್ಲದ ಸೆಕೆ ನಿನಗೊಬ್ಬಳಿಗೇನು?" ಎಂದು ಅವನು ನಕ್ಕಿದ್ದ. ಅಷ್ಟೇ. ಎದೆಯಿಂದ ಎದ್ದ ಬೆಂಕಿ ಕುತ್ತಿಗೆಗೆ ಏರಿ, ಕೆನ್ನೆಗೆ ಏರಿ, ಕಣ್ಣು ಕತ್ತಲಾಗಿ... ಕೈ ತನ್ನಷ್ಟಕ್ಕೆ ತಾನೇ ಎದ್ದಿತ್ತು.

"ಕೊಲೆ ಮಾಡ್ತಿದ್ಯೇನೇ?" ಗಂಡ ಕೂಗಿದ. ಮರುಕ್ಷಣವೇ ಅವನ ಕೈ ಅವಳ ಕೆನ್ನೆಯ ಮೇಲೆ ಬಿತ್ತು.

ಬೀದಿಯ ಜನಕ್ಕೆ ಅವನು ಕುಶನ್ ಯಜಮಾನ, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು. ಅವಳು ಸೂಜಿಯಕ್ಕ. ಸೋಫಾದ ಅಂಚು ಹೊಲಿಯುವ ಬಾಗಿದ ಸೂಜಿಯನ್ನು ಅವಳಷ್ಟು ಸಲೀಸಾಗಿ ಆಡಿಸುವವರು ಸುತ್ತಮುತ್ತ ಇರಲಿಲ್ಲ. ಕೆಳಗೆ ಅಂಗಡಿ, ಮೇಲೆ ಮನೆ. ಮಗಳು ದೂರದಲ್ಲಿ ಓದುತ್ತಿದ್ದಳು. ಮನೆಯಲ್ಲಿ ಉಳಿದವರು ಇವರಿಬ್ಬರು, ಮತ್ತು ಅತ್ತೆ. ಅತ್ತೆ ಮೂಲೆಯಲ್ಲಿ ಕೂತು, ಕತ್ತರಿಸಿ ಬಿಸಾಕಿದ ಫೋಮಿನ ಚೂರುಗಳನ್ನು ಆರಿಸಿ ದಿಂಬಿಗೆ ತುಂಬುವರು. ಯಾವ ಮೂಟೆಯಲ್ಲಿ ಏನಿದೆ, ಯಾರ ಮನಸ್ಸಿನಲ್ಲಿ ಏನಿದೆ ಎಲ್ಲ ಅವರ ಕಣ್ಣಿಗೆ ಬೀಳುತ್ತಿತ್ತು.

"ಒಂದು ವರ್ಷದಿಂದ ಇದೇ ಆಯ್ತು ನಿನ್ನ ಹೆಂಡ್ತೀದು," ಎಂದರು ಅತ್ತೆ, ಕೈಯ ಕೆಲಸ ಬಿಡದೆ. "ರಾತ್ರಿ ಎದ್ದು ಟೆರೇಸಿಗೆ ಹೋಗ್ತಾಳೆ, ಹಗಲು ಎಲ್ಲರ ಮೇಲೆ ಹಾರಾಡ್ತಾಳೆ. ಕೇಳಿದ್ರೆ ಮುಟ್ಟು ನಿಂತಿದೆ ಅಂತಾಳೆ. ಲೋಕದಲ್ಲಿ ಯಾರಿಗೂ ನಿಂತಿಲ್ವೇನಪ್ಪಾ?"

ಅಂದು ಅವಳು ಹೆದರಿದ್ದು ಗಂಡನ ಏಟಿಗಲ್ಲ. ತನ್ನದೇ ಕೈಗೆ! ಇವತ್ತು ಚೌಕಟ್ಟು... ನಾಳೆ ಇನ್ನೊಂದು ಬೆರಳಿನಷ್ಟು ಈಚೆಗೆ ಬಿದ್ದರೆ?

ಮರುದಿನವೇ ಆಸ್ಪತ್ರೆಗೆ ಹೊರಟಳು. ಸೋಫಾದ ಮರದ ಫ್ರೇಮ್ ಇಳಿಸಲು ಬಂದಿದ್ದ ಬಡಗಿ ತನ್ನ ಲಗೇಜ್ ಗಾಡಿಯಲ್ಲಿ ಕೂರಿಸಿಕೊಂಡ. ಹೆಂಡತಿ ಸತ್ತ ಮೇಲೆ ಒಬ್ಬನೇ ಇದ್ದ ಆ ಮನುಷ್ಯನಿಗೆ ತಮಾಷೆ ಮಾಡದೆ ಉಸಿರಾಡಲು ಬರುತ್ತಿರಲಿಲ್ಲ. "ಸೂಜಿಯಕ್ಕ, ನೀವು ಕೂರೋ ಸ್ಟೂಲಿಗೆ ಎರಡು ರೆಕ್ಕೆ ಕಟ್ಟಿಕೊಡ್ಲಾ? ನಿಮಗೆ ಗಾಳಿ ಬರುತ್ತೆ, ಯಜಮಾನ್ರಿಗೆ ಕರೆಂಟ್ ಬಿಲ್ಲೂ ಉಳಿಯುತ್ತೆ" ಎಂದ. ಅವಳಿಗೆ ನಗು ಬರುವ ಬದಲು ಅಳು ಬಂತು. ಆಸ್ಪತ್ರೆಯ ಬಾಗಿಲು ಬರುವವರೆಗೂ ಅವನು ತಮಾಷೆ ಬಿಟ್ಟು, ಹಳ್ಳ ತಪ್ಪಿಸಿ ಮೆಲ್ಲಗೆ ಗಾಡಿ ಓಡಿಸಿದ.

ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿದರು, ಎದೆಯ ಪರೀಕ್ಷೆ ಮಾಡಿಸಿದರು, ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

"ಮೈಯಲ್ಲಿ ಕಮ್ಮಿಯಾಗಿರೋ ಹಾರ್ಮೋನನ್ನ ಮಾತ್ರೇಲಿ ಕೊಡಬಹುದು. ಉರಿ ಇಳಿಯುತ್ತೆ, ನಿದ್ದೆ ಬರುತ್ತೆ. ಆದ್ರೆ ಅದೊಂದನ್ನೇ ಕೊಟ್ರೆ ಗರ್ಭಕೋಶದ ಒಳಪದರ ಬೆಳೀತಾ ಹೋಗುತ್ತಮ್ಮ. ಬೆಳೆದದ್ದು ಕೆಡಬಹುದು. ಅದಕ್ಕೇ ಎರಡನೇ ಮಾತ್ರೆ. ಅದು ಒಳಪದರಾನ ಹತೋಟೀಲಿಡುತ್ತೆ. ಎರಡೂ ಜೋಡಿ. ಒಂದನ್ನ ಬಿಟ್ಟು ಇನ್ನೊಂದನ್ನ ತಗೋಬಾರದು."

ಅವಳಿಗೆ ಮಾತು ತಕ್ಷಣ ಅರ್ಥವಾಯಿತು. ದಿಂಬಿನ ಗವಸಿನೊಳಗೆ ಹತ್ತಿ ತುರುಕುತ್ತಲೇ ಹೋದರೆ ಯಾವ ಹೊಲಿಗೆ ತಡೆದೀತು?

"ಕೆಡೋದು ಅಂದ್ರೆ... ಕ್ಯಾನ್ಸರಾ?"

ಡಾಕ್ಟರಮ್ಮ ಮಾತು ಮರೆಸಲಿಲ್ಲ. "ಹೌದು, ಅದೂ ಆಗಬಹುದು."

"ನಮ್ಮಕ್ಕ ಅದರಲ್ಲೇ ಹೋದ್ಲು ಡಾಕ್ಟ್ರೇ..."

ಅಕ್ಕನ ಕೊನೆಯ ದಿನಗಳು ಕಣ್ಣಿಗೆ ಕಟ್ಟಿದವು. ಹಾಸಿಗೆಯ ಕೆಳಗೆ ಹಾಸಿದ ರೆಕ್ಸಿನ್ ತಾನೇ ಕತ್ತರಿಸಿ ಕೊಟ್ಟದ್ದು. ಅದನ್ನು ತೊಳೆದು ತೊಳೆದು ಅದರ ಬಣ್ಣವೇ ಹೋಗಿತ್ತು. "ಉರಿಯಿಂದ ಯಾರೂ ಸಾಯಲ್ಲ. ಅದರಿಂದ ಸಾಯ್ತಾರೆ. ನನಗೆ ಬೇಡ ಬಿಡಿ" ಎಂದು ಎದ್ದಳು.

"ಬೇಡ ಅಂದ್ರೂ ತಪ್ಪಿಲ್ಲ. ಬೇರೆ ಮಾತ್ರೆಗಳೂ ಇವೆ, ಇಷ್ಟು ಗುಣ ಕೊಡಲ್ಲ, ಅಷ್ಟೇ. ನಿಮ್ಮಕ್ಕನ ವಿಷಯ ಕೇಳಿದ ಮೇಲೆ ನಿಮ್ಮನ್ನ ಇನ್ನೂ ಹುಷಾರಾಗಿ ನೋಡ್ತೀನಿ. ಎರಡನೇ ಮಾತ್ರೆ ತಪ್ಪಿಸದೇ ಇದ್ರೆ ಗರ್ಭಕೋಶದ ಭಯ ಬಹಳ ಕಮ್ಮಿ. ಒಂದು ಹನಿ ರಕ್ತ ಕಂಡ್ರೂ ಓಡಿ ಬರಬೇಕು. ಯೋಚನೆ ಮಾಡಿ ಹೇಳಿ."

ಯೋಚನೆ ಮಾಡಿದಳು. ಹೊಲಿಯುವಾಗ, ಉಣ್ಣುವಾಗ, ಒದ್ದೆಯಾದ ರವಿಕೆ ಬದಲಿಸುವಾಗ ಅದೇ ಯೋಚನೆ. ಒಂದು ಕಡೆ ಅಕ್ಕನ ಬಿಳಿಚಿದ ಮುಖ, ಇನ್ನೊಂದು ಕಡೆ ಗಂಡನ ಕಿವಿಯ ಪಕ್ಕ ಮರದಲ್ಲಿ ಬಿದ್ದ ಆ ಗಾಯ. ಕೊನೆಗೆ ಒಂದು ಬೆಳಿಗ್ಗೆ ಟೀ ಲೋಟ ಹಿಡಿದ ಅತ್ತೆ "ಸಕ್ಕರೆ ಕಮ್ಮಿ" ಎಂದದ್ದಕ್ಕೆ ಅವಳು ಇಡೀ ಪಾತ್ರೆಯನ್ನು ಗೋಡೆಗೆ ಬಡಿದಳು. ಬಿಸಿ ಟೀ ಅತ್ತೆಯ ಪಾದದ ಮೇಲೆ ಸಿಡಿಯಿತು. ಆ ಮುದಿ ಪಾದ ಬೊಬ್ಬೆಯೆದ್ದದ್ದನ್ನು ನೋಡಿ ಅವಳು ಅಡುಗೆಮನೆಯಲ್ಲೇ ಕುಸಿದಳು. ಅಂದೇ ಮಾತ್ರೆ ತಂದಳು.

ಮನೆಯಲ್ಲಿ ಮಾತ್ರ ನಿಜ ಹೇಳಲಿಲ್ಲ. ಹಾರ್ಮೋನು ಎಂದರೆ ಗಂಡ ನಗುತ್ತಾನೆ, ಅತ್ತೆ ಇಡೀ ಬೀದಿಗೆ ಹೇಳುತ್ತಾರೆ. "ಶಕ್ತಿ ಮಾತ್ರೆ" ಎಂದಳು. ಮೇಲಿನ ಹೆಸರು ಯಾರೂ ಓದದಿರಲೆಂದು ಎಲ್ಲವನ್ನೂ ಹಾಳೆಯಿಂದ ಬಿಡಿಸಿ ಒಂದು ಸ್ಟೀಲ್ ಡಬ್ಬಿಗೆ ತುಂಬಿದಳು. ಬೆಳಗಿನದು ಚಿಕ್ಕ ಗುಲಾಬಿ ಮಾತ್ರೆ. ರಾತ್ರಿಯದು ಬೆಳ್ಳಗಿನ ಮೆತ್ತನೆಯ ಗುಳಿಗೆ. ಖಾಲಿ ಹಾಳೆಗಳನ್ನು ಮುದುರಿ ಫೋಮ್ ಚೂರಿನ ಮೂಟೆಗೆ ತುರುಕಿದಳು. ಆ ಮೂಟೆಗೆ ದಿನವೂ ಕೈ ಹಾಕುವವರು ಯಾರೆಂಬುದು ಅವಳಿಗೆ ಹೊಳೆಯಲೇ ಇಲ್ಲ.

ಕೆಲವೇ ವಾರಗಳಲ್ಲಿ ಉರಿ ಇಳಿಯಿತು. ನಿದ್ದೆ ಬಂತು! ಎಷ್ಟು ಕಾಲದ ಮೇಲೆ! ಬೆಳಿಗ್ಗೆ ಎದ್ದರೆ ದಿಂಬು ಒಣಗಿಯೇ ಇರುತ್ತಿತ್ತು. ಗ್ರಾಹಕರೊಡನೆ ನಗುತ್ತಾ ಮಾತಾಡಿದಳು. ಬಡಗಿಯ ತಮಾಷೆಗೆ ತಿರುಗಿ ತಮಾಷೆ ಮಾಡಿದಳು. "ನಿಮ್ಮ ಫ್ರೇಮು ನಿಮ್ಮ ಹಾಗೇ ಬಡಗಿಯಣ್ಣ, ನೋಡೋಕೆ ಗಟ್ಟಿ, ಕೂತ್ರೆ ಕಿರ್ರ್ ಅನ್ನುತ್ತೆ!" ಅಂಗಡಿಯೆಲ್ಲ ನಕ್ಕಿತು. ಅತ್ತೆ ಮಾತ್ರ ನಗಲಿಲ್ಲ. ಅವರು ಸೊಸೆಯ ಮುಖದ ಹೊಸ ಕಳೆಯನ್ನೇ ನೋಡುತ್ತಿದ್ದರು.

ಚಳಿಗಾಲ ಕಳೆದು ಬಿಸಿಲು ಏರುವ ಹೊತ್ತಿಗೆ ಒಂದು ಬೆಳಿಗ್ಗೆ ಬಚ್ಚಲಲ್ಲಿ ಅವಳ ಕಾಲ ಬಳಿ ಕೆಂಪು ಕಲೆ ಕಂಡಿತು.

ಗೋಡೆಗೆ ಒರಗಿ ನಿಂತಳು. ಒಂದು ಹನಿ ಕಂಡರೂ ಓಡಿ ಬನ್ನಿ ಎಂದಿದ್ದರು ಡಾಕ್ಟರಮ್ಮ. ಹೋದರೆ ಹೇಳುವುದು ಒಂದೇ ಮಾತು. ಅಕ್ಕನಿಗೆ ಹೇಳಿದ ಮಾತು! ನಿದ್ದೆಗೆ ಆಸೆಪಟ್ಟು ಸಾವನ್ನು ನಾನೇ ಕೊಂಡು ತಂದೆನೇ? ಎರಡನೆಯ ಗುಳಿಗೆಯನ್ನು ಒಂದು ರಾತ್ರಿಯೂ ತಪ್ಪಿಸಿರಲಿಲ್ಲವಲ್ಲ... ಇನ್ನೆರಡು ದಿನ ನೋಡೋಣ, ಇನ್ನೆರಡು ದಿನ ನೋಡೋಣ ಎಂದು ಮುಂದೂಡುತ್ತಾ ಬಂದಳು.

ವಿಚಿತ್ರವೆಂದರೆ, ಆ ದಿನಗಳಲ್ಲಿ ಅತ್ತೆ ಬೆಣ್ಣೆಯಂತೆ ಮೆತ್ತಗಾದರು. ಕಲೆಯಾದ ಬಟ್ಟೆಯನ್ನು ಯಾರಿಗೂ ಕಾಣದಂತೆ ತಾವೇ ಒಗೆದು ಹಾಕಿದರು. "ಭಾರ ಎತ್ತಬೇಡ, ಮಲಕ್ಕೊ" ಎಂದು ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟರು. ಒಂದು ಕ್ಷಣ ತಲೆಯನ್ನೂ ಸವರಿದರು. ಇಷ್ಟು ವರ್ಷಗಳಲ್ಲಿ ಇಲ್ಲದ ಪ್ರೀತಿ! ಅವಳಿಗೆ ಕಣ್ಣು ತುಂಬಿ ಬಂತು. ನನ್ನ ಮುಖದಲ್ಲಿ ಸಾವು ಕಾಣಿಸಿರಬೇಕು ಇವರಿಗೆ, ಎಂದುಕೊಂಡಳು.

ಅದು ನಡೆದದ್ದು ಮಧ್ಯಾಹ್ನ. ಬಡಗಿ ಹೊಸ ಫ್ರೇಮ್ ಇಳಿಸುತ್ತಿದ್ದ. ಗಂಡ ಮರದ ಸುತ್ತಿಗೆ ಹಿಡಿದು ಪಟ್ಟಿ ಬಿಗಿಯುತ್ತಿದ್ದ. ಮೆಷಿನ್ನಿನ ಮುಂದೆ ಕೂತಿದ್ದ ಅವಳು ಎದ್ದಳು. ಎದ್ದವಳೇ ಹಾಗೇ ಸ್ಟೂಲು ಹಿಡಿದುಕೊಂಡಳು. ಸ್ಟೂಲು, ಸೀರೆ, ನೆಲದಲ್ಲಿ ಹರಡಿದ್ದ ಬಿಳಿ ಬಟ್ಟೆ, ಎಲ್ಲ ಕೆಂಪು...

"ಏನೇ ಇದು! ರಕ್ತ!" ಗಂಡ ಓಡಿ ಬಂದ. "ಬಡಗಿ, ಗಾಡಿ ತಿರುಗಿಸು! ಆಸ್ಪತ್ರೆಗೆ!"

"ಬೇಡ!" ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಆಸ್ಪತ್ರೆ ಬೇಡ ಮಗಾ. ಎರಡು ದಿನದಲ್ಲಿ ತಾನೇ ಸರಿಹೋಗುತ್ತೆ. ಬಿದ್ದಿದೆ ಅಷ್ಟೇ..."

"ಬಿದ್ದಿದೆಯಾ? ಏನು ಬಿದ್ದಿದೆ?"

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

"ಅಮ್ಮಾ! ಏನು ಬಿದ್ದಿದೆ, ಹೇಳು!"

"ಹೇಳಬಾರದು ಅಂತ ನುಂಗಿಕೊಂಡಿದ್ದೆ... ಅವಳ ಮಾತ್ರೆ ಹಾಳೆ ನನಗೆ ಮೂಟೇಲಿ ಸಿಕ್ತು. ಮೆಡಿಕಲ್ ಶಾಪಿನವನ ಹತ್ರ ಕೇಳ್ದೆ. ಬಸಿರು ಬೀಳದೆ ನಿಲ್ಲೋಕೆ ಕೊಡೋ ಮಾತ್ರೆ ಅಜ್ಜಿ ಅಂದ. ಎರಡು ಸಲ ಕೇಳ್ದೆ. ಎರಡು ಸಲಾನೂ ಅದನ್ನೇ ಅಂದ! ಮುಟ್ಟು ನಿಂತಿದೆ, ನಿಂತಿದೆ ಅಂತಿದ್ಲಲ್ಲ... ಯಾಕೆ ನಿಂತಿತ್ತು ಅಂತ ಆಗ ಗೊತ್ತಾಯ್ತು."

ಗಂಡ ಅವಳ ಕಡೆ ನಿಧಾನವಾಗಿ ತಿರುಗಿದ. ಅವಳು ತಲೆಯಾಡಿಸಿದಳು. "ಇಲ್ಲ ರೀ... ಅದಲ್ಲ... ಅದು ನನ್ನ ಉರಿಗೆ..."

"ವರ್ಷದಿಂದ ನನ್ನ ಪಕ್ಕ ಮಲಗಿಲ್ಲ ನೀನು! ಸೆಕೆ ಅಂತ ಟೆರೇಸಿಗೆ ಹೋಗ್ತಿದ್ದೆ! ಯಾರದೇ ಅದು?"

ಉತ್ತರಕ್ಕೆ ಅವನು ಕಾಯಲಿಲ್ಲ. ಜಡೆ ಹಿಡಿದು ಎಳೆದ. ಅವಳ ಹಣೆ ಮೆಷಿನ್ನಿನ ಕಬ್ಬಿಣದ ಅಂಚಿಗೆ ಬಡಿಯಿತು. ಒಂದೇಟು, ಇನ್ನೊಂದೇಟು... ಕಣ್ಣೆದುರು ಬೆಳಕು ಸಿಡಿಯಿತು. ಕೆಳಗೆ ಬಿದ್ದವಳ ಪಕ್ಕೆಗೆ ಒದ್ದ. "ಶಕ್ತಿ ಮಾತ್ರೆ ಅಂದ್ಯಲ್ಲೇ! ಯಾರಿಗೆ ಶಕ್ತಿ? ಅವನಿಗಾ?" ಅವನ ಕಣ್ಣು ಬಡಗಿಯ ಮೇಲೆ ನಿಂತಿತ್ತು. "ಗಾಡೀಲಿ ಕೂರಿಸಿಕೊಂಡು ಎಲ್ಲಿಗೋ ಕರಕೊಂಡು ಹೋದ್ಯಲ್ಲೋ, ನಾನು ನೋಡಿಲ್ಲ ಅಂದ್ಕೊಂಡ್ಯಾ?"

"ಯಜಮಾನ್ರೇ, ತಲೆ ಕೆಟ್ಟಿದ್ಯಾ? ನನ್ನ ತಂಗಿ ಥರ ಅವರು! ಮೊದಲು ಎತ್ತಿ, ಜೀವ ಹೋಗ್ತಿದೆ!" ಬಡಗಿ ಬಗ್ಗಿ ಅವಳನ್ನು ಎತ್ತಲು ಕೈ ಚಾಚಿದ. ನೆಲಕ್ಕೆ ಊರಿದ ಅವನ ಇನ್ನೊಂದು ಕೈಯ ಮೇಲೆ ಮರದ ಸುತ್ತಿಗೆ ಬಿತ್ತು.

ಆ ಸದ್ದು ಅವಳಿಗೆ ಕೇಳಿಸಿತು. ಒಣ ಕಡ್ಡಿ ಮುರಿದಂತೆ. ಬಡಗಿ ಕಿರುಚಲಿಲ್ಲ. ಬಾಯಿ ತೆರೆದುಕೊಂಡೇ ತನ್ನ ಬೆರಳುಗಳನ್ನು ನೋಡುತ್ತಾ ಕೂತ.

ಸುತ್ತಿಗೆ ಮತ್ತೆ ಎದ್ದಿತು. ಆಗ ಅವಳು ಅದೆಲ್ಲಿಂದ ಶಕ್ತಿ ತಂದಳೋ, ತೆವಳಿ ಹೋಗಿ ಗಂಡನ ಕಾಲು ತಬ್ಬಿದಳು. "ನನ್ನ ಕೊಂದುಬಿಡಿ! ಅವರನ್ನ ಬಿಡಿ! ದುಡಿದು ತಿನ್ನೋ ಕೈ ಅದು..." ಅವಳ ಹಿಡಿತ ಸಡಿಲಿತು. ಗಂಡ ಕೆಳಗೆ ನೋಡಿದ. ಅವನ ಪಾದದ ಸುತ್ತ ರಕ್ತ ಹರಿಯುತ್ತಿತ್ತು, ನಿಲ್ಲದೆ ಹರಿಯುತ್ತಿತ್ತು. ಸುತ್ತಿಗೆ ಕೈಜಾರಿತು.

"ಬೀಗದ ಕೈ ನನ್ನ ಜೇಬಲ್ಲಿದೆ," ಎಂದ ಬಡಗಿ, ಹಲ್ಲು ಕಚ್ಚಿಕೊಂಡು. "ನನ್ನ ಕೈಲಿ ಆಗಲ್ಲ. ನೀವೇ ಓಡಿಸಿ."

ಹಾಗೆ ಹೋದರು ನಾಲ್ವರೂ ಒಂದೇ ಗಾಡಿಯಲ್ಲಿ. ಹೊಡೆದವನು ಓಡಿಸುತ್ತಿದ್ದ, ಕೈ ಮುರಿದವನು ಪಕ್ಕದಲ್ಲಿ ಕೂತು ದಾರಿ ಹೇಳುತ್ತಿದ್ದ. ಹಿಂದೆ ಫ್ರೇಮುಗಳ ನಡುವೆ ಅತ್ತೆಯ ತೊಡೆಯ ಮೇಲೆ ಅವಳ ತಲೆ. ಮುದುಕಿಯ ಕೈ ಅವಳ ಹಣೆಯ ಗಾಯವನ್ನು ಒತ್ತಿ ಹಿಡಿದಿತ್ತು.

ರಕ್ತ ಕೊಟ್ಟರು, ಒಳಪದರವನ್ನು ಕೆರೆದು ಪರೀಕ್ಷೆಗೆ ಕಳಿಸಿದರು, ಹಣೆಗೆ ಹೊಲಿಗೆ ಹಾಕಿದರು. ಎಚ್ಚರವಾದಾಗ ಡಾಕ್ಟರಮ್ಮ ಮಂಚದ ಪಕ್ಕ ನಿಂತಿದ್ದರು. ಕಾಲ ಬಳಿ ಗಂಡ ಮತ್ತು ಅತ್ತೆ.

"ಬಸಿರು ಅಂತ ಯಾರು ಹೇಳಿದ್ದು ನಿಮಗೆ?" ಡಾಕ್ಟರಮ್ಮನ ದನಿ ಚೂರಿಯಂತಿತ್ತು. "ಆ ಮಾತ್ರೇನ ಬಸುರಿಯರಿಗೂ ಕೊಡ್ತೀವಿ, ನಿಜ. ಇವರಿಗೆ ಕೊಟ್ಟಿದ್ದು ಗರ್ಭಕೋಶ ಕೆಡದ ಹಾಗೆ ಕಾಯೋಕೆ. ಇವರ ಹೊಟ್ಟೇಲಿ ಬಸಿರು ಇರಲಿಲ್ಲ, ಇರೋ ಹಾಗೂ ಇರಲಿಲ್ಲ." ಆಮೇಲೆ ಅವಳ ಕಡೆ ಬಗ್ಗಿದರು. "ಅಮ್ಮ, ಒಳಪದರ ತುಂಬಾ ಬೆಳೆದಿದೆ. ಎರಡನೇ ಮಾತ್ರೆ ಯಾವಾಗ ಬಿಟ್ರಿ?"

"ಬಿಟ್ಟಿಲ್ಲ ಡಾಕ್ಟ್ರೇ... ಒಂದು ರಾತ್ರೀನೂ ಬಿಟ್ಟಿಲ್ಲ. ಡಬ್ಬಿ ನನ್ನ ಸೊಂಟದ ಚೀಲದಲ್ಲೇ ಇದೆ, ನೋಡಿ."

ಡಾಕ್ಟರಮ್ಮ ಡಬ್ಬಿ ತೆರೆದು ಒಂದು ಗುಳಿಗೆಯನ್ನು ಬೆಳಕಿಗೆ ಹಿಡಿದರು. "ಇದು ನಾನು ಕೊಟ್ಟಿದ್ದಲ್ಲ."

"ಅದು ನನ್ನದು." ಅತ್ತೆಯ ದನಿ ಬಾವಿಯೊಳಗಿಂದ ಬಂದಂತಿತ್ತು. "ಮಂಡಿನೋವಿಗೆ ನಾನು ತಗೊಳ್ಳೋ ಗುಳಿಗೆ, ನೋಡೋಕೆ ಅವಳದರ ಹಾಗೇ ಇತ್ತು. ಅವಳು ಸ್ನಾನಕ್ಕೆ ಹೋದಾಗೆಲ್ಲ ಡಬ್ಬಿಯಿಂದ ಅವಳದನ್ನ ತೆಗೆದು... ಇದನ್ನ ಹಾಕ್ತಿದ್ದೆ. ಬಸಿರು ನಿಲ್ಲಬಾರದು ಅಂತ. ತಾನಾಗೇ ಬಿದ್ದುಹೋದ್ರೆ ನನ್ನ ಮಗನಿಗೆ ಗೊತ್ತಾಗದೇ ಮುಗಿದುಹೋಗುತ್ತೆ, ಸಂಸಾರ ಉಳಿಯುತ್ತೆ ಅಂತ... ಹೊಟ್ಟೆ ಕಾಣದಿದ್ದಾಗ ಒಳಗೇ ಒಣಗ್ತಿದೆ ಅಂದ್ಕೊಂಡೆ, ರಕ್ತ ಕಂಡಾಗ ಮುಗೀತು ಅಂದ್ಕೊಂಡೆ. ನನಗೇನಮ್ಮ ಗೊತ್ತಿತ್ತು!"

ಅವಳು ಎದ್ದು ಕೂತಳು. ಹೇಗೆ ಎದ್ದಳೋ! ತೋಳಿನ ಸೂಜಿ ಕಿತ್ತುಬಂತು. ಎರಡೂ ಕೈಗಳು ಅತ್ತೆಯ ಕುತ್ತಿಗೆಯ ಕಡೆ ಚಾಚಿದವು. "ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಒಂದೇ ಒಂದು ಮಾತು! ಅದೇ ಮನೇಲಿ, ಅದೇ ಒಲೆ ಮುಂದೆ ದಿನಾ ನಿಂತಿರ್ತಿದ್ದೆನಲ್ಲ! ನಮ್ಮಕ್ಕನ ಥರ ಸಾಯ್ತೀನಿ ಅಂತ ಎಷ್ಟು ದಿನ ಒಬ್ಬಳೇ ಬೆಂದೆ..." ನರ್ಸ್ ಓಡಿ ಬಂದು ಹಿಡಿದಳು. ಅತ್ತೆ ಹಿಂದೆ ಸರಿಯಲಿಲ್ಲ. ಕುತ್ತಿಗೆ ಒಡ್ಡಿಕೊಂಡೇ ನಿಂತಿದ್ದರು.

ಗಂಡ ಗೋಡೆಗೆ ಮುಖ ಮಾಡಿ ಬಿಕ್ಕುತ್ತಿದ್ದ.

"ಅಳಬೇಡಿ," ಎಂದಳು ಅವಳು, ಏದುಸಿರು ಬಿಡುತ್ತಾ. "ನಿಮ್ಮ ಅಳು ನನಗೆ ಬೇಕಾಗಿಲ್ಲ. ಅಮ್ಮ ಹೇಳಿದ್ದನ್ನ ನಂಬಿದ್ರಿ, ನಾನು ಹೇಳೋಕೆ ಬಂದಾಗ ಜಡೆ ಹಿಡಿದ್ರಿ. ಕೆಳಗಡೆ ಬಡಗಿಯಣ್ಣನ ಕೈಗೆ ಪಟ್ಟಿ ಹಾಕ್ತಿದ್ದಾರಂತೆ. ಹೋಗಿ ಅವರ ಮುಂದೆ ನಿಂತ್ಕೊಳ್ಳಿ. ಅವರು ಪೊಲೀಸರಿಗೆ ಹೇಳಿದ್ರೂ ಸರಿ, ಮುಖಕ್ಕೆ ಉಗಿದ್ರೂ ಸರಿ, ಆಗಲಿ. ನಾನು ಮನೆಗೆ ಬರ್ತೀನೋ ಇಲ್ವೋ ಅಂತ ಈಗ ಕೇಳಬೇಡಿ. ನನಗೇ ಗೊತ್ತಿಲ್ಲ."

ಅವನು ತಲೆ ತಗ್ಗಿಸಿ ಹೊರಗೆ ಹೋದ.

ಪರೀಕ್ಷೆಯ ಫಲಿತಾಂಶ ಆ ವಾರವೇ ಬಂತು. ಕ್ಯಾನ್ಸರ್ ಅಲ್ಲ. ಆದರೆ ಜೀವಕೋಶಗಳು ಆ ದಾರಿ ಹಿಡಿದಿವೆ, ಗರ್ಭಕೋಶ ತೆಗೆಯುವುದೇ ಕ್ಷೇಮ ಎಂದರು ಡಾಕ್ಟರಮ್ಮ.

"ನಾನು ಆ ಮಾತ್ರೆಗೆ ಆಸೆಪಟ್ಟಿದ್ದೇ ತಪ್ಪಾ?"

"ಆಸೆಪಟ್ಟಿದ್ದು ನಿದ್ದೆಗೆ. ಅದು ತಪ್ಪಲ್ಲ. ಎರಡೂ ನಿಮ್ಮ ಹೊಟ್ಟೆ ಸೇರಿದ್ರೆ ಇಲ್ಲಿಗೆ ಬರೋ ಸಂಭವ ತೀರಾ ಕಮ್ಮಿ ಇತ್ತು. ಈಗ ಮಾತ್ರೆ ಎಲ್ಲ ಬಂದ್. ಆಪರೇಷನ್ ಆಗಲಿ, ತೆಗೆದದ್ದನ್ನ ಪರೀಕ್ಷೆ ಮಾಡಲಿ. ಆಮೇಲೆ ಉರಿಗೆ ಏನು ಮಾಡೋದು ಅಂತ ಮತ್ತೆ ಕೂತು ಮಾತಾಡೋಣ. ಗರ್ಭಕೋಶ ಇಲ್ಲದವರಿಗೆ ಲೆಕ್ಕಾಚಾರವೇ ಬೇರೆ."

ಕಾಗದ ತಂದ ನರ್ಸ್ ಪೆನ್ನನ್ನು ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ಚಾಚಿದಳು. "ಇಲ್ಲಿ ಕೊಡಮ್ಮ," ಎಂದಳು ಅವಳು. "ಹೋಗ್ತಿರೋದು ನನ್ನದು." ತಾನೇ ರುಜು ಹಾಕಿದಳು. ಅಕ್ಷರ ಸೊಟ್ಟಗಾಯಿತು, ಆದರೂ ಓದಬಹುದಿತ್ತು.

"ಜೊತೆಗೆ ಒಬ್ಬರು ಮಾತ್ರ ಇರಬಹುದು. ಯಾರಿರ್ತಾರೆ?"

ಗಂಡ ಒಂದು ಹೆಜ್ಜೆ ಮುಂದಿಟ್ಟ. ಅವಳು ಅವನನ್ನು ನೋಡಲಿಲ್ಲ. ಆ ವಾರವೆಲ್ಲ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದ, ಒಮ್ಮೆಯೂ ಒಳಗೆ ಬರುವ ಧೈರ್ಯ ಮಾಡದ ಮುದುಕಿಯತ್ತ ನೋಡಿದಳು. "ಅತ್ತೆ ಇರಲಿ."

"ನಾನಾ?" ಅತ್ತೆ ಗಾಬರಿಯಾದರು. "ನಾನು ಮಾಡಿದ್ದಕ್ಕೆ ನೀನು ನನ್ನ..."

"ಕ್ಷಮಿಸಿಲ್ಲ. ಮನೆಯೊಳಗೆ ಏನು ಉರೀತಿತ್ತು ಅಂತ ನಿಮಗೂ ಒಮ್ಮೆ ಕಾಣಲಿ ಅಂತ."

ಅತ್ತೆ ಸ್ಟೂಲಿನ ತುದಿಯಲ್ಲಿ ಕೂತರು. ಆಮೇಲೆ ನೆಲ ನೋಡುತ್ತಾ ಹೇಳಿದರು: "ನನಗೂ ನಿನ್ನ ವಯಸ್ಸಿಗೆ ಹಿಂಗೇ ಉರಿಯೋದು. ಒಂದಿನ ನಿಮ್ಮ ಮಾವನ ಮೇಲೆ ಕುದಿಯೋ ನೀರು ಎರಚಿದೆ. ಹುಚ್ಚು ಹಿಡಿದಿದೆ ಅಂತ ಹಿಂದಿನ ಕೋಣೇಲಿ ಕೂಡಿ ಹಾಕಿದ್ರು. ಬೇಸಿಗೆ ಪೂರ್ತಿ. ನಿನ್ನ ಗಂಡ ಹೊರಗಿಂದ ಅಮ್ಮಾ ಅಮ್ಮಾ ಅಂತ ಬಾಗಿಲು ಬಡಿಯೋನು... ಅದು ಹುಚ್ಚಲ್ಲ ಅಂತ ನನಗೆ ಯಾರೂ ಹೇಳಲೇ ಇಲ್ಲ ಕಣೇ."

ಮಾತ್ರೆ ನಿಂತ ಅವಳ ಮೈಯಲ್ಲಿ ಎದೆಯಿಂದ ಬೆಂಕಿ ಎದ್ದಿತ್ತು. ಕುತ್ತಿಗೆ, ಕೆನ್ನೆ, ಹಣೆಯ ಹಸಿ ಹೊಲಿಗೆ, ಎಲ್ಲ ಉರಿ. ಹೊದಿಕೆ ಒದ್ದಳು. ಹಲ್ಲು ಕಡಿದಳು. ಮುಷ್ಟಿ ಬಿಗಿದು ಮಂಚದ ಕಬ್ಬಿಣಕ್ಕೆ ಬಡಿದಳು.

ಅತ್ತೆ ಎದ್ದರು. ಮಂಡಿನೋವಿಗೆ ಒಮ್ಮೆ ಮುಖ ಕಿವುಚಿ, ಸ್ಕ್ಯಾನಿನ ದೊಡ್ಡ ಲಕೋಟೆಯನ್ನು ಕೈಗೆತ್ತಿಕೊಂಡು ಸೊಸೆಯ ಮುಖಕ್ಕೆ ಗಾಳಿ ಹಾಕತೊಡಗಿದರು. ಕೈ ಸೋತಾಗ ಇನ್ನೊಂದು ಕೈಗೆ ಬದಲಿಸಿಕೊಂಡರು. ಬೆವರು ಅವರ ಗಲ್ಲದಿಂದಲೂ ತೊಟ್ಟಿಕ್ಕುತ್ತಿತ್ತು.

"ಸಾಕೇನೇ?" ಎಂದು ಮೆಲ್ಲಗೆ ಕೇಳಿದರು.

ಅವಳು ಕಣ್ಣು ಮುಚ್ಚಿಕೊಂಡೇ, ಮುಖವನ್ನು ಆ ಗಾಳಿಯ ಕಡೆ ತಿರುಗಿಸಿದಳು.

"ಇನ್ನೂ ಬೀಸಿ, ಅತ್ತೆ."